ನೇಮಣ್ಣ ಸರ್ ಎಳೆದ ಮೂರು ಅಡ್ಡಗೆರೆ

ಇಂಥದ್ದನ್ನೆಲ್ಲ ನಂಬುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ಚಿಕ್ಕೋಡಿಯ ಕಾಲೇಜೊಂದರಲ್ಲಿ ಇಪ್ಪತ್ತಾರು ವರ್ಷ ಸಸ್ಯಶಾಸ್ತ್ರ ಕಲಿಸಿದವಳು ನಾನು. ಸ್ಟಾಫ್ ರೂಮಿನಲ್ಲಿ ಯಾರಾದರೂ ಕನಸು ನಿಜವಾಯಿತು, ಸತ್ತ ಅಜ್ಜಿ ಬಂದು ಬಾಗಿಲು ಬಡಿದಳು ಎಂದು ಶುರು ಮಾಡಿದರೆ, "ಚಹಾ ಆರಾಕತ್ತೈತಿ, ಮೊದಲ ಕುಡೀರಿ" ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗ ನನ್ನ ಕಥೆ ಕೇಳಿ ನೀವೂ ಹಾಗೇ ಅಂದರೆ ನನಗೇನೂ ಬೇಸರವಿಲ್ಲ. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಇದು ರಾತ್ರಿ ನಡೆದದ್ದಲ್ಲ. ಮಧ್ಯಾಹ್ನ ಮೂರು ಗಂಟೆ, ಹೊರಗೆ ಹುಡುಗರು ವಾಲಿಬಾಲ್ ಆಡುತ್ತಿದ್ದರು, ನನಗೆ ಜ್ವರವಿರಲಿಲ್ಲ, ನಿದ್ದೆಗೆಟ್ಟಿರಲಿಲ್ಲ.

ಅಥಣಿ, ಕಾಗವಾಡದ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಕಡ್ಡಿ ತಪಾಸಣೆ ಗೊತ್ತು. ಬೇರೆಯವರಿಗಾಗಿ ಹೇಳುತ್ತೇನೆ. ಅಕ್ಟೋಬರಿನಲ್ಲಿ ಬಳ್ಳಿಯ ಕಡ್ಡಿಗಳನ್ನು ಕತ್ತರಿಸುವ ಚಾಟ್ನಿ ಇರುತ್ತದೆ. ಎಲ್ಲಿ ಕತ್ತರಿಸಬೇಕು ಎನ್ನುವುದರ ಮೇಲೆ ಆ ವರ್ಷದ ಫಸಲು ನಿಂತಿರುತ್ತದೆ. ಕಡ್ಡಿಯ ಮೇಲಿನ ಮೊಗ್ಗಿಗೆ ನಮ್ಮ ಕಡೆ ಕಣ್ಣು ಅನ್ನುತ್ತಾರೆ. ಮುಂದೆ ಬರಲಿರುವ ಗೊಂಚಲು ತಿಂಗಳುಗಟ್ಟಲೆ ಮೊದಲೇ ಆ ಕಣ್ಣಿನೊಳಗೆ ರವೆಯ ಕಾಳಿಗಿಂತ ಸಣ್ಣದಾಗಿ ಕೂತಿರುತ್ತದೆ. ಹೊರಗಿನಿಂದ ಕಾಣುವುದಿಲ್ಲ. ಬ್ಲೇಡಿನಿಂದ ಕಣ್ಣನ್ನು ಸೀಳಿ ಮೈಕ್ರೋಸ್ಕೋಪಿನ ಕೆಳಗಿಟ್ಟರೆ ಸೊನ್ನೆಯೋ, ಒಂದೋ, ಎರಡೋ ಗೊಂಚಲು ಎಂದು ಹೇಳಬಹುದು. ಆದರೆ ಸೀಳಿದ ಕಣ್ಣು ಸತ್ತಂತೆಯೇ. ಪ್ರತಿ ಸೆಪ್ಟೆಂಬರಿನಲ್ಲಿ ರೈತರು ಕಡ್ಡಿಗಳ ಕಟ್ಟು ಹೊತ್ತು ನನ್ನ ಲ್ಯಾಬಿಗೆ ಬರುತ್ತಿದ್ದರು, ನಾನು ಕೊಯ್ಯುತ್ತಿದ್ದೆ.

ಗಣಿತದ ನೇಮಣ್ಣ ಸರ್‌ಗೆ ಇದು ನೋಡಲಾಗುತ್ತಿರಲಿಲ್ಲ. ಅವರು ಜೈನರು, ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವ ಮನುಷ್ಯ. ಸಂಜೆ ಐದಾಯಿತೆಂದರೆ ಸಮೀಕರಣ ಅರ್ಧಕ್ಕೇ ಬಿಟ್ಟು ಸೈಕಲ್ ಹತ್ತುತ್ತಿದ್ದರು. ನನ್ನ ಲ್ಯಾಬಿಗೆ ಬಂದರೆ ಕಿಟಕಿ ಪಕ್ಕದ ಕುರ್ಚಿಯನ್ನು ಆ ಕಡೆ ತಿರುಗಿಸಿಕೊಂಡು ಕೂರುವರು.

"ಅಕ್ಕಾರ, ಹೊಟ್ಯಾಗ ಕೂಸು ಐತೋ ಇಲ್ಲೋ ನೋಡಾಕ ತಾಯಿ ಹೊಟ್ಟಿ ಸೀಳಿದಂಗಾತು ಇದು" ಎಂದರು ಒಮ್ಮೆ.

"ಹಂಗಾರ ನೀವ ಕೊಯ್ಯದ ಹೇಳ್ರಿ ನೋಡೂಣು" ಎಂದೆ ನಾನು, ಕುಹಕದಿಂದಲೇ.

ಅವರು ಅದನ್ನು ಮನಸ್ಸಿಗೆ ಹಚ್ಚಿಕೊಂಡುಬಿಟ್ಟರು. ಕಡ್ಡಿಯ ದಪ್ಪ, ಗೆಣ್ಣಿನಿಂದ ಗೆಣ್ಣಿಗಿರುವ ದೂರ, ಎಲೆಗೆ ಬಿದ್ದ ಬೆಳಕು, ಬಳ್ಳಿಯ ಬುಡದ ಶಾಖ ಇವೆಲ್ಲ ಗೊತ್ತಿದ್ದರೆ ಒಳಗಿನದನ್ನು ಲೆಕ್ಕದಿಂದ ಹೇಳಲು ಬರಬೇಕು ಎನ್ನುವುದು ಅವರ ಹಟ. ಬೆಳಕು, ಶಾಖ ಅಳೆಯಲು ಭೌತಶಾಸ್ತ್ರದ ಸಾಳುಂಖೆ ಸರ್ ಬಂದರು. ನಿಪ್ಪಾಣಿಯವರು, ಅರ್ಧ ಮಾತು ಮರಾಠಿಯಲ್ಲಿ. ಹಳೆಯ ಊಟದ ಡಬ್ಬಿಗಳಲ್ಲಿ ಅಳೆಯುವ ಯಂತ್ರ ಕೂರಿಸಿ ಬಳ್ಳಿಗಳಿಗೆ ನೇತುಹಾಕಿದರು. ನೇಮಣ್ಣ ಸರ್ ಹೆಂಡತಿ ಪದ್ಮಕ್ಕನ ತಮ್ಮನದು ಕಾಗವಾಡದ ಹತ್ತಿರ ದ್ರಾಕ್ಷಿ ತೋಟ. ಎರಡು ವರ್ಷ ಪ್ರತಿ ರವಿವಾರ ನಾವು ಮೂವರು ಮಾಂಜರಿ ಸೇತುವೆ ದಾಟಿ ಅಲ್ಲಿಗೆ ಹೋಗುತ್ತಿದ್ದೆವು. ಪದ್ಮಕ್ಕ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿಯನ್ನು ಬಳ್ಳಿಯ ನೆರಳಲ್ಲಿ ತಿನ್ನುತ್ತಿದ್ದೆವು. ನನ್ನ ನೌಕರಿಯಲ್ಲಿ ನಾನು ನಿಜವಾಗಿ ಖುಷಿಯಾಗಿದ್ದ ಕಾಲ ಅದೊಂದೇ.

ಮೂರನೆಯ ವರ್ಷ ನೇಮಣ್ಣ ಸರ್ ಯಕೃತ್ತಿನಲ್ಲಿ ಗಡ್ಡೆ ಇದೆ ಎಂದು ಕೊಲ್ಹಾಪುರದ ಡಾಕ್ಟರು ಹೇಳಿದರು. ಅಷ್ಟು ಹೊತ್ತಿಗೆ ಅದು ಎಲ್ಲ ಕಡೆ ಹಬ್ಬಿತ್ತು. ಮುಂದಿನ ಹಂಗಾಮಿಗೆ ತಾನಿರುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಅನ್ನಲಿಲ್ಲ. ಅವರಿಗೆ ಒಂದೇ ಆಸೆ. ತನ್ನ ಲೆಕ್ಕ ಪರೀಕ್ಷೆಯಾಗಬೇಕು, ಸರಿಯಿದ್ದರೆ ಅಚ್ಚಾಗಬೇಕು, ಇನ್ನು ಮೇಲೆ ಯಾರೂ ಕಣ್ಣು ಕೊಯ್ಯುವುದು ಬೇಡವಾಗಬೇಕು.

ಜುಲೈ ಮೊದಲ ವಾರ ನಲವತ್ತು ಕಡ್ಡಿಗಳನ್ನು ಆರಿಸಿ ಕೆಂಪು ದಾರದಲ್ಲಿ ನಂಬರು ಕಟ್ಟಿದೆ. ಒಂದೊಂದರಲ್ಲಿ ಆರು ಕಣ್ಣು, ಒಟ್ಟು ಇನ್ನೂರ ನಲವತ್ತು. ನೇಮಣ್ಣ ಸರ್ ನಾಲ್ಕು ದಿನ ಮನೆಯಲ್ಲಿ ಹಾಸಿಗೆಯ ಮೇಲೆ ಕೂತು ಒಂದು ದೊಡ್ಡ ಹಾಳೆ ತುಂಬಿಸಿದರು. ಪ್ರತಿ ಕಣ್ಣಿಗೂ ಒಂದು ಅಂಕಿ. ನಾನು ಕೊಯ್ಯುವ ಮೊದಲು ಅದನ್ನು ನೋಡಬಾರದಲ್ಲ, ಅದಕ್ಕೇ ನನಗೆ ತೋರಿಸದೆ ಲಕೋಟೆಗೆ ಹಾಕಿ, ಅರಗು ಸುರಿದು, ಮೂವರ ಸಹಿ ಮಾಡಿಸಿದರು. ಲಕೋಟೆ ಸಾಳುಂಖೆ ಸರ್ ಕಪಾಟಿಗೆ ಹೋಯಿತು.

ಅರಗು ಆರುವಾಗ ಅವರು ಅಂದರು: "ಮೂರು ಕಡೆ ಏನೂ ಬರಲಿಲ್ರಿ ಅಕ್ಕಾರ. ಎಷ್ಟ ಸಲ ಮಾಡಿದ್ರೂ ಬರಲಿಲ್ಲ. ಅಡ್ಡಗೆರಿ ಎಳದೀನಿ."

"ಅಷ್ಟರಾಗ ಪಾರಾದ್ರಿ ಬಿಡ್ರಿ" ಎಂದು ಚೇಷ್ಟೆ ಮಾಡಿದೆ. ಅವರು ನಗಲಿಲ್ಲ. ಸುಸ್ತಾಗಿದ್ದಾರೆ ಎಂದುಕೊಂಡೆ.

ಶ್ರಾವಣ ಮುಗಿಯುವುದರೊಳಗೆ ಅವರು ಹೋದರು.

ಸೆಪ್ಟೆಂಬರಿನಲ್ಲಿ ಕಡ್ಡಿಗಳನ್ನು ತರಿಸಿ ಮೂರು ದಿನ ಕೊಯ್ದೆ. ಕಿಟಕಿ ಪಕ್ಕದ ಕುರ್ಚಿ ಖಾಲಿ ಇತ್ತು, ಆ ಕಡೆ ನೋಡದೆ ಕೆಲಸ ಮಾಡಿದೆ. ಕೈ ನನ್ನದು ಗಟ್ಟಿ, ಆದರೂ ಮೂರು ಕಣ್ಣು ಹಾಳಾದವು. ಏಳನೆಯ ಕಡ್ಡಿಯ ಮೂರನೆಯ ಕಣ್ಣು ಸೀಳುವಾಗ ಕರೆಂಟ್ ಹೋಗಿ ಬ್ಲೇಡು ಆಳಕ್ಕಿಳಿಯಿತು. ಹತ್ತೊಂಬತ್ತನೆಯದರ ಐದನೆಯದಕ್ಕೆ ಸೀನು ಬಂತು. ಮೂವತ್ಮೂರನೆಯದರ ಮೊದಲ ಕಣ್ಣಿಗೆ ಬ್ಲೇಡು ಹಚ್ಚಿದ್ದೆ, ಮೇಜಿನ ಮೇಲೆ ಫೋನು ಹೊಡೆದುಕೊಂಡಿತು. ಬೆಚ್ಚಿಬಿದ್ದು ಕಣ್ಣನ್ನೂ ಹಾಳು ಮಾಡಿ ನನ್ನ ಬೆರಳನ್ನೂ ಕೊಯ್ದುಕೊಂಡೆ. ಫೋನು ಪದ್ಮಕ್ಕನದು. "ಅಕ್ಕಾರ, ಅವರ ಲೆಕ್ಕ ನೋಡಿದ್ರೇನ್ರಿ?" ಎಂದು ಕೇಳಿದರು. ಇನ್ನೂ ಇಲ್ಲ ಎಂದೆ. ನೋಟ್‌ಬುಕ್ಕಿನಲ್ಲಿ ಆ ಮೂರರ ಮುಂದೆ 'ಹಾಳಾಯಿತು' ಎಂದು ಬರೆದೆ.

ಮರುದಿನ ಮಧ್ಯಾಹ್ನ ಭೌತಶಾಸ್ತ್ರದ ಲ್ಯಾಬಿನಲ್ಲಿ ನಾನು, ಸಾಳುಂಖೆ ಸರ್ ಇಬ್ಬರೇ ಕೂತು ಲಕೋಟೆಯನ್ನು ಬೆಳಕಿಗೆ ಹಿಡಿದು ನೋಡಿದೆವು. ಅರಗು ಹಾಗೇ ಇತ್ತು, ಸಹಿ ಹಾಗೇ ಇತ್ತು. ಒಡೆದೆವು. ನಾನು ನನ್ನ ನೋಟ್‌ಬುಕ್ ಓದುತ್ತ ಹೋದೆ, ಅವರು ಹಾಳೆಯ ಮೇಲೆ ಪೆನ್ಸಿಲ್ ಇಟ್ಟು ಹೋಲಿಸುತ್ತ ಹೋದರು. ಮೊದಲ ಕಡ್ಡಿ ಆರಕ್ಕೆ ಆರು. ಎರಡನೆಯದು ಆರಕ್ಕೆ ಆರು. ನಾಲ್ಕನೆಯದರ ಹೊತ್ತಿಗೆ ಸಾಳುಂಖೆ ಸರ್ "ಅರೆ ವಾ, ನೇಮಣ್ಣಾ!" ಎಂದು ಮೇಜು ಗುದ್ದಿದರು. ನನಗೆ ಕಣ್ಣೀರು ಬಂತು.

ಏಳನೆಯದಕ್ಕೆ ಬಂದೆವು. "ಸೊನ್ನೆ, ಒಂದು, ಹಾಳಾತು..." ಎಂದೆ.

ಅವರ ಪೆನ್ಸಿಲ್ ನಿಂತಿತು. ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ಏಳನೆಯ ಸಾಲಿನ ಮೂರನೆಯ ಚೌಕದಲ್ಲಿ ಅಂಕಿ ಇರಲಿಲ್ಲ, ಒಂದು ಅಡ್ಡಗೆರೆ ಇತ್ತು.

ನಾನು ಉಳಿದದ್ದನ್ನು ಓದಲಿಲ್ಲ, ನೇರವಾಗಿ ಹತ್ತೊಂಬತ್ತಕ್ಕೆ ಬೆರಳಿಟ್ಟೆ. ಐದನೆಯ ಚೌಕ, ಅಡ್ಡಗೆರೆ. ಮೂವತ್ಮೂರು, ಮೊದಲನೆಯದು, ಅಡ್ಡಗೆರೆ. ಇಡೀ ಹಾಳೆಯಲ್ಲಿ ಬೇರೆಲ್ಲೂ ಗೆರೆಯಿರಲಿಲ್ಲ. ನನ್ನ ಬೆರಳಿಗೆ ಸುತ್ತಿದ ಪಟ್ಟಿಯಲ್ಲಿ ರಕ್ತ ಇನ್ನೂ ಕೆಂಪಗಿತ್ತು. ಹೊರಗೆ ಚೆಂಡು ಗೋಡೆಗೆ ಬಡಿದ ಸದ್ದಿಗೆ ನಾನು ಎದ್ದು ನಿಂತುಬಿಟ್ಟೆ. ಆ ಹೊತ್ತು ನನಗಾದ ಹೆದರಿಕೆ ಎಂಥದ್ದು ಎಂದು ಹೇಳಲು ನನಗೆ ಈಗಲೂ ಬರುವುದಿಲ್ಲ.

ಉಳಿದ ಇನ್ನೂರ ಮೂವತ್ತೇಳೂ ಸರಿಯಿದ್ದವು. ಒಂದೂ ತಪ್ಪಿರಲಿಲ್ಲ.

ವಿಜ್ಞಾನ ಗೊತ್ತಿದ್ದವರಿಗೆ ಇಲ್ಲಿಯೇ ತೊಡಕು ಹೊಳೆದಿರಬಹುದು. ಜೀವ ಇರುವ ವಸ್ತುವಿನಲ್ಲಿ ಯಾವ ಲೆಕ್ಕವೂ ಇಷ್ಟು ನೆಟ್ಟಗೆ ಬರುವುದಿಲ್ಲ. ನೂರಕ್ಕೆ ಎಂಬತ್ತು ಬಂದರೆ ಜನ ಹೊಗಳುತ್ತಾರೆ, ನೂರಕ್ಕೆ ನೂರು ಬಂದರೆ ಕಳ್ಳರು ಅನ್ನುತ್ತಾರೆ. ಸಾಳುಂಖೆ ಸರ್ ಕುರ್ಚಿಗೆ ಒರಗಿ ನನ್ನನ್ನು ನೋಡಿದರು.

"ಮ್ಯಾಡಮ್, ಖರೇ ಹೇಳ್ರಿ. ಲಕೋಟಿ ಮೊದಲ ನೋಡಿದ್ರೇನು?"

"ಕಪಾಟಿನ ಕೀಲಿ ಯಾರ ಹತ್ರ ಇತ್ರಿ?" ಎಂದೆ ನಾನು.

ಹನ್ನೊಂದು ವರ್ಷದ ಸ್ನೇಹ ಅಲ್ಲಿಗೆ ಮುಗಿಯಿತು. ಆಮೇಲೂ ಮಾತಾಡುತ್ತಿದ್ದೆವು, ಆದರೆ ಇಬ್ಬರಿಗೂ ಇನ್ನೊಬ್ಬರ ಮೇಲೆ ಸಂಶಯ. ಅದು ಸುಳ್ಳು ಸಂಶಯ ಎಂದು ಇಬ್ಬರಿಗೂ ಗೊತ್ತಿತ್ತು, ಆದರೂ ಹೋಗಲಿಲ್ಲ.

ಪ್ರಬಂಧ ಬರೆದು ಇದ್ದದ್ದು ಇದ್ದ ಹಾಗೆ ವಿಜ್ಞಾನ ಪತ್ರಿಕೆಯೊಂದಕ್ಕೆ ಕಳಿಸಿದೆ. ಇಂಥ ಫಲಿತಾಂಶ ಸಾಧ್ಯವಿಲ್ಲ, ಮೂಲ ದಾಖಲೆಗಳನ್ನೇ ನಂಬಲಾಗದು ಎಂದು ವಾಪಸು ಬಂತು. ಅವರ ಜಾಗದಲ್ಲಿದ್ದರೆ ನಾನೂ ಹಾಗೇ ಬರೆಯುತ್ತಿದ್ದೆ. ಆಗ ಸಾಳುಂಖೆ ಸರ್ ಒಂದು ದಾರಿ ಹೇಳಿದರು.

"ಒಂದ ಮೂವತ್ತ ನಲವತ್ತ ಅಂಕಿ ತಪ್ಪು ಮಾಡೂಣ್ರಿ. ಆಮ್ಯಾಲ ಸಗಳೇ, ಎಲ್ಲಾರೂ ಒಪ್ಪತಾರ. ನೇಮಣ್ಣನ ಹೆಸರರೆ ಉಳಿತೈತಿ."

ನಿಜವನ್ನು ನಂಬಿಸಲು ಸುಳ್ಳು ಬೆರೆಸಬೇಕು. ನಾನು ಅವರ ಮೇಲೆ ಕೂಗಾಡಿದೆ. ಆದರೆ ಅಂದು ಸಂಜೆ ಒಬ್ಬಳೇ ಕೂತು ರಬ್ಬರು ಹಿಡಿದೆ ಎಂದೂ ಒಪ್ಪಿಕೊಳ್ಳುತ್ತೇನೆ. ನನ್ನ ನೋಟ್‌ಬುಕ್ಕಿನ ಐದು ಅಂಕಿ ಅಳಿಸಿದೆ. ಆರನೆಯದಕ್ಕೆ ಕೈ ಬರಲಿಲ್ಲ. ಅಳಿಸಿದ್ದನ್ನು ಮತ್ತೆ ಬರೆದೆ.

ಕೊನೆಗೆ ಸೂತ್ರವನ್ನಾದರೂ ಉಳಿಸೋಣವೆಂದು ಪದ್ಮಕ್ಕನಿಂದ ಅವರ ಲೆಕ್ಕದ ಪುಸ್ತಕ ತಂದೆವು. ಸಾಳುಂಖೆ ಸರ್ ಅದೇ ನಲವತ್ತು ಕಡ್ಡಿಗಳ ಅಳತೆ ಹಾಕಿ, ಅದೇ ಸಮೀಕರಣದಿಂದ ಒಂದು ತಿಂಗಳು ಲೆಕ್ಕ ಮಾಡಿದರು. ಅರ್ಧ ಬಂತು, ಅರ್ಧ ತಪ್ಪಿತು. ಕಣ್ಣುಮುಚ್ಚಿ ಬರೆದಿದ್ದರೂ ಅಷ್ಟೇ ಬರುತ್ತಿತ್ತೇನೋ. ಹಾಳೆಯ ಮೇಲಿನ ಅಂಕಿಗಳು ಆ ಸೂತ್ರದಿಂದ ಬಂದವಲ್ಲ. ಹಾಗಾದರೆ ನಾಲ್ಕು ದಿನ ಹಾಸಿಗೆಯ ಮೇಲೆ ಕೂತು ಅವರು ಏನು ಮಾಡಿದರು? ನಾನು ಇನ್ನೂ ಬರೆಯದಿದ್ದ ನೋಟ್‌ಬುಕ್ಕನ್ನು ಎಲ್ಲಿಂದ ನೋಡಿ ಬರೆದರು? ಸಾಳುಂಖೆ ಸರ್ ಪುಸ್ತಕ ಮುಚ್ಚಿ ನನ್ನ ಮೇಜಿನ ಮೇಲಿಟ್ಟು ಹೋದವರು ಆ ಮಾತು ಮತ್ತೆ ಎತ್ತಲಿಲ್ಲ. ಮರುವರ್ಷ ವರ್ಗ ಮಾಡಿಸಿಕೊಂಡು ನಿಪ್ಪಾಣಿಗೆ ಹೋದರು.

ಪುಸ್ತಕ ಹಿಂದಿರುಗಿಸಲು ಪದ್ಮಕ್ಕನ ಮನೆಗೆ ಹೋದೆ. ಅವರು ನೀರು ಸೋಸಿ ತಂದುಕೊಟ್ಟರು, ಎದುರು ಕೂತರು.

"ಸರಿ ಬಂತೇನ್ರಿ ಅಕ್ಕಾರ, ಅವರ ಲೆಕ್ಕ?"

"ಬಂತ್ರಿ. ಒಂದೂ ತಪ್ಪಿಲ್ಲ. ಎಲ್ಲಾ ಸರಿ ಬಂತು" ಎಂದೆ. ಸುಳ್ಳೇನೂ ಹೇಳಲಿಲ್ಲವಲ್ಲ.

ಆ ಹೆಣ್ಣುಮಗಳ ಮುಖ ಅರಳಿದ್ದು ನೋಡಬೇಕಿತ್ತು. ಸೆರಗಿನಿಂದ ಕಣ್ಣೊರೆಸಿಕೊಂಡು ಅಂದರು: "ಹಂಗಾರ ಇನ್ನ ಮ್ಯಾಲ ಕೊಯ್ಯೂದು ಬಿಡ್ತೀರೇನು?"

ನಾನು ನೀರು ಕುಡಿದೆ. ಹೂಂ ಎನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ಅವರು ಅದನ್ನೇ ಹೌದು ಎಂದುಕೊಂಡರು.

ಮುಂದಿನ ಸೆಪ್ಟೆಂಬರಿನಲ್ಲಿ ಅಥಣಿಯಿಂದ ಕಡ್ಡಿಗಳ ಕಟ್ಟು ಬಂತು, ಕೊಯ್ದೆ. ಈಗಲೂ ಕೊಯ್ಯುತ್ತೇನೆ. ಒಮ್ಮೊಮ್ಮೆ ಕೈ ಜಾರಿ ಒಂದು ಕಣ್ಣು ಹಾಳಾಗುತ್ತದೆ. ಆಗೆಲ್ಲ ಬ್ಲೇಡು ಕೆಳಗಿಟ್ಟು ಬೆರಳು ನೋಡಿಕೊಳ್ಳುತ್ತೇನೆ, ಜಾರಿದ್ದು ನನ್ನ ಕೈಯೇ ಹೌದೋ ಅಲ್ಲವೋ ಎಂದು. ಗೊತ್ತಾಗುವುದಿಲ್ಲ. ಆಮೇಲೆ 'ಹಾಳಾಯಿತು' ಎಂದು ಬರೆದು ಮುಂದಿನದನ್ನು ಎತ್ತಿಕೊಳ್ಳುತ್ತೇನೆ.