ಡಬ್ಬಿಯಲ್ಲಿದ್ದ ರಜೆ

ಮೊನ್ನೆ ಹೊಸ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದೆ. ಒಂದು ಬೀಜ ಕೈಜಾರಿ ಹೊಸ್ತಿಲ ಸಂದಿಗೆ ಉರುಳಿತು. ಹೋಗಲಿ ಬಿಡು ಎನ್ನದೆ ಮೊಣಕಾಲೂರಿ ಹುಡುಕತೊಡಗಿದೆ. ಸೊಸೆ ನಕ್ಕಳು. ಒಂದು ಬೀಜಕ್ಕೆ ಒಂದು ದಿನ ಎಂದು ಎಣಿಸಿಟ್ಟವಳೊಬ್ಬಳಿದ್ದಳು ಎಂದು ಅವಳಿಗೆ ಹೇಗೆ ಹೇಳಲಿ...

ನಾನು ಕಂಪ್ಲಿಗೆ ಸೊಸೆಯಾಗಿ ಬಂದಾಗ ಪಕ್ಕದ ಮನೆಯಲ್ಲಿದ್ದ ಅಕ್ಕ ಅವಳು. ಯುದ್ಧದ ಕಾಲ. ಅವಳ ಗಂಡ ದಂಡಿಗೆ ಸೇರಿ ದೂರದ ಯಾವುದೋ ಪಲ್ಟನ್ನಿನಲ್ಲಿದ್ದ. ಓಣಿಯ ಹೆಂಗಸರಲ್ಲಿ ಓದುಬರಹ ಬರುತ್ತಿದ್ದುದು ನನಗೊಬ್ಬಳಿಗೇ. ಅವಳ ಕಾಗದ ಓದುವವಳೂ ನಾನೇ, ಬರೆಯುವವಳೂ ನಾನೇ. ಆ ಜಂಭವೂ ನನಗಿತ್ತು.

ರಜೆ ತೆಗೆದುಕೊಳ್ಳದೆ ಕೂಡಿಡುತ್ತಿದ್ದೇನೆ, ಎಲ್ಲ ಒಟ್ಟಿಗೆ ಹಿಡಿದು ಬರುತ್ತೇನೆ ಎಂದು ಅವನು ಬರೆದ. ಅವತ್ತಿನಿಂದ ಅಕ್ಕ, ಅವನು ಕಾಗದದಲ್ಲಿ ಲೆಕ್ಕ ಬರೆದಂತೆಲ್ಲ, ಒಂದು ದಿನದ ರಜೆಗೆ ಒಂದು ಹುಣಸೆ ಬೀಜ ತೊಳೆದು ತಗಡಿನ ಡಬ್ಬಿಗೆ ಹಾಕುತ್ತಿದ್ದಳು. ಒಮ್ಮೆ ಚೌಕಾಬಾರ ಆಡಲು ನಾಲ್ಕು ಬೀಜ ಕೇಳಿದೆ.

"ನಾಕು ದಿನ ಕೇಳಾಕತ್ತೀಯಲ್ಲೇ, ಭಾಳ ಶಾಣ್ಯಾಕಿ!" ಎಂದು ಡಬ್ಬಿ ಮುಚ್ಚಿಬಿಟ್ಟಳು.

ಬೀಜ ಅರವತ್ತು ದಾಟಿದ ಮೇಲೆ ಇನ್ನೊಂದು ಕಾಗದ ಬಂತು. ಪಲ್ಟನ್ ಬಿಟ್ಟು ಲಾರಿ ನಡೆಸುವ ದಳಕ್ಕೆ ಹೋಗುತ್ತಿದ್ದೇನೆ, ಕೂಡಿಟ್ಟ ರಜೆ ಅಲ್ಲಿ ನಡೆಯುವುದಿಲ್ಲ, ಹೋಗುವ ಮೊದಲೇ ತೀರಿಸಬೇಕು, ಅದಕ್ಕೆ ಈ ತಿಂಗಳೇ ಹೊರಟು ಬರುತ್ತೇನೆ ಎಂದಿತ್ತು. ಆಗ ನಾವು ಊರಲ್ಲಿರಲಿಲ್ಲ. ಇಲಿ ಸತ್ತು ಬಿದ್ದು ಪ್ಲೇಗು ಶುರುವಾಗಿ, ಓಣಿಗೆ ಓಣಿಯೇ ಮೆಟ್ರಿ ದಾರಿಯ ಹೊಲದಲ್ಲಿ ಗುಡಿಸಲು ಹಾಕಿಕೊಂಡಿತ್ತು. ಅಕ್ಕ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೇಳಿಸಿಕೊಂಡಳು.

"ಬರಬ್ಯಾಡ್ರಿ ಅಂತ ಬರಿ, ತಂಗಿ."

"ಪ್ಲೇಗು ಐತಿ ಅಂತ ಬರೀಲೇನಕ್ಕ?"

"ಬ್ಯಾಡ. ಅದನ್ನ ಬರದ್ರ ಇನ್ನಷ್ಟು ಓಡಿ ಬರ್ತಾರ. ಸಾಯಾಕ ಕರಸ್ಲೇನು?"

ಬರೆದೆ. 'ಈಗ ಬರಬೇಡಿರಿ. ಬರುವ ಅಗತ್ಯವಿಲ್ಲ.' ಎರಡನೆಯ ಮಾತು ಅಕ್ಕ ಹೇಳಿದ್ದಲ್ಲ. ಒಂದೇ ಸಾಲಾದರೆ ಕಾಗದ ಬೋಳಾಗಿ ಕಾಣುತ್ತದೆಂದು ನಾನೇ ಸೇರಿಸಿದ್ದು. ಸುಡಲಿ ನನ್ನ ವಿದ್ಯೆ.

ಅವನು ಬರಲಿಲ್ಲ. ರಜೆಯನ್ನು ಬಿಟ್ಟುಕೊಟ್ಟು ಹೊಸ ದಳಕ್ಕೆ ಸೇರಿದ. ಎರಡು ತಿಂಗಳೂ ಆಗಿರಲಿಲ್ಲ, ಅಕ್ಕನಿಗೆ ಜ್ವರ ಬಂದು ತೊಡೆಸಂದಿಯಲ್ಲಿ ಗಡ್ಡೆ ಎದ್ದಿತು. ಮೂರನೆಯ ದಿನ ಹೋಗಿಬಿಟ್ಟಳು. ಅವಳ ಮೈದುನ ಅಣ್ಣನಿಗೆ ತಂತಿ ಕೊಟ್ಟ. ಹೊಸ ದಳದಲ್ಲಿ ಅವನ ಹೆಸರಿಗೆ ಒಂದು ದಿನದ ರಜೆಯೂ ಇರಲಿಲ್ಲ.

ಯುದ್ಧ ಮುಗಿದ ಮೇಲೆ ಬಂದ. ನೆಟ್ಟಗೆ ನಮ್ಮ ಕಟ್ಟೆಗೆ ಬಂದು ಕೂತು, ಜೇಬಿನಿಂದ ನಾನು ಬರೆದ ಆ ಕಾಗದ ತೆಗೆದ. ಮಡಿಕೆಗಳಲ್ಲಿ ಹರಿದಿತ್ತು.

"ತಂಗಿ, ಅಗತ್ಯವಿಲ್ಲ ಅಂತ ಬರಸ್ಯಾಳಲ್ಲ... ನಾ ಏನು ತಪ್ಪು ಮಾಡಿದ್ದೆ ಆಕಿಗೆ?"

ಆಗಲೇ ಊರಲ್ಲಿ ಪ್ಲೇಗಿತ್ತೆಂದು ಹೇಳಿದೆ. ಓಡಿ ಬರುತ್ತಾರೆಂದು ಅಕ್ಕ ಹೆದರಿದ್ದನ್ನೂ ಹೇಳಿದೆ. ಆದರೆ 'ಅಗತ್ಯವಿಲ್ಲ' ಎಂಬ ಮಾತು ನನ್ನದು ಎನ್ನಲು ಬಾಯಿ ಬರಲಿಲ್ಲ. ಒಳಗೆ ಹೋಗಿ, ಅಕ್ಕ ಹೋದ ಮೇಲೆ ನಾನು ಎತ್ತಿಟ್ಟಿದ್ದ ಡಬ್ಬಿ ತಂದು ಅವನ ಮುಂದಿಟ್ಟೆ. ಮುಚ್ಚಳ ತೆಗೆದು ನೋಡಿದ.

"ಏನಿದು?"

"ನಿಮ್ಮ ರಜಾ, ಅಣ್ಣ."

ಒಂದು ಹಿಡಿ ಬೀಜ ಮುಷ್ಟಿಯಲ್ಲಿ ಹಿಡಿದುಕೊಂಡು ಅಷ್ಟು ದೊಡ್ಡ ಗಂಡಸು ಬಿಕ್ಕಿ ಬಿಕ್ಕಿ ಅತ್ತ. ಆಮೇಲೆ ಡಬ್ಬಿ ಬಗಲಲ್ಲಿಟ್ಟುಕೊಂಡು ಎದ್ದು ಹೋದ. ಸಂಡೂರಿನ ಗಣಿಯಲ್ಲಿ ಲಾರಿ ನಡೆಸುತ್ತಿದ್ದಾನೆಂದು ಕೇಳಿದ್ದೆ. ಹೋಗಿ ನಿಜ ಹೇಳಿಬರಬೇಕೆಂದು ಎಷ್ಟು ಸಲ ಅಂದುಕೊಂಡೆನೋ... ಆಮೇಲೆ, ತೀರಿಕೊಂಡನೆಂಬ ಸುದ್ದಿಯೇ ಬಂತು.

ಸೊಸೆ ಕಸಬರಿಗೆ ತಂದು ಸಂದಿಯಿಂದ ಬೀಜ ಎಳೆದುಕೊಟ್ಟಳು. "ಇಷ್ಟಕ್ಕ ಅಷ್ಟೊತ್ತು ಹುಡುಕಿದ್ರೇನತ್ತಿ?" ಎಂದಳು. ಹೂಂ ಎಂದು ಸೆರಗಿನಲ್ಲಿ ಕಟ್ಟಿಕೊಂಡೆ. ಅಗತ್ಯವಿಲ್ಲ ಎಂದವಳು ತನ್ನ ಹೆಂಡತಿಯೇ ಎಂದು ನಂಬಿಕೊಂಡೇ ಅವನು ಸತ್ತ.