ತೊಳೆದು ಬಂದ ಕಾಲುಗಳು

ಇಂದು ಬೆಳಿಗ್ಗೆ ಕೆಂಪು ಸಾಬೂನಿನ ಕಾಗದ ಬಿಚ್ಚಿದೆ. ಆ ವಾಸನೆಗೆ ಬನಹಟ್ಟಿಯ ನಮ್ಮ ಪುಟ್ಟ ಚರ್ಚು ಕಣ್ಣಮುಂದೆ ಬಂತು.

ಅಪ್ಪ ಅಲ್ಲಿ ಪಾದ್ರಿ. ಶುಭ ಶುಕ್ರವಾರದ ಹಿಂದಿನ ಸಂಜೆ, ಯೇಸು ಶಿಷ್ಯರ ಕಾಲು ತೊಳೆದಂತೆ, ಅಪ್ಪ ಮಂಡಿಯೂರಿ ಹನ್ನೆರಡು ಜನರ ಕಾಲು ತೊಳೆಯುತ್ತಿದ್ದರು. ಆ ಹನ್ನೆರಡು ಜನ ಮನೆಯಲ್ಲೇ ಹಿಮ್ಮಡಿ ಉಜ್ಜಿ, ಇದೇ ಸಾಬೂನು ಹಚ್ಚಿ ತೊಳೆದುಕೊಂಡು ಬರುತ್ತಿದ್ದರು. ಪಾದ್ರಿಯ ಕೈಗೆ ಕೊಳೆ ಹತ್ತಬಾರದಲ್ಲ!

ಒಂದು ವರ್ಷ ಅವರಲ್ಲೊಬ್ಬರು ಬರಲಿಲ್ಲ. ಖಾಲಿ ಕುರ್ಚಿಯಲ್ಲಿ ಶಾಂತವ್ವ ಬಂದು ಕೂತಳು. ಮಗ್ಗದ ಮನೆಗಳಲ್ಲಿ ನೂಲಿಗೆ ಗಂಜಿ ಹಾಕುವ ಮುದುಕಿ, ಕೆಲಸದಿಂದ ನೇರ ಬಂದಿದ್ದಳು. ಪಾದದಲ್ಲಿ ಕೀವು ತುಂಬಿದ ಹುಣ್ಣು, ಅದರ ಮೇಲೆ ನೊಣ. ಅಪ್ಪ ತಂಬಿಗೆ ಎತ್ತಿ ದೂರದಿಂದಲೇ ನೀರು ಸುರಿದರು. ಕೈ ಮುಂದೆ ಹೋಗಲಿಲ್ಲ.

"ಇರ್ಲಿ ಬಿಡ್ರಿ ಪಾದ್ರಿಯವರ, ನಿಮ್ಮ ಕೈ ಹೊಲಸ ಆಕ್ಕಾವು," ಎಂದು ಅವಳೇ ಕಾಲು ಹಿಂದೆಳೆದುಕೊಂಡಳು.

ಮತ್ತೆ ಅವಳು ಚರ್ಚಿಗೆ ಬರಲಿಲ್ಲ. ಮಳೆಗಾಲದಲ್ಲಿ ಆ ಹುಣ್ಣಿನಿಂದಲೇ ಸತ್ತಳು. ಮರುವರ್ಷವೂ ಅಪ್ಪ ದೀನತೆಯ ಬಗ್ಗೆ ಚೆನ್ನಾಗಿಯೇ ಬೋಧಿಸಿದರು.

ಈಗ ಅಪ್ಪ ಹಾಸಿಗೆ ಹಿಡಿದಿದ್ದಾರೆ. ಮಗಳೆಂದು ನನ್ನ ಗುರುತೂ ಉಳಿದಿಲ್ಲ. ಇಂದು ಸಾಬೂನು ಹಚ್ಚಲು ಅವರ ಪಾದ ಮುಟ್ಟಿದೆ. ಥಟ್ಟನೆ ಹಿಂದೆಳೆದುಕೊಂಡರು.

"ನನ್ನ ಕಾಲ ಬ್ಯಾಡವಾ. ಶಾಂತವ್ವ ಕಾಯಾಕತ್ತಾಳ, ಮೊದಲ ಆಕೀವು ತೊಳಿ."