ಗೇರಿನ ಪೆಟ್ಟಿಗೆ

ನಮ್ಮ ಕಾರು ಇಳಿಜಾರಿನಲ್ಲಿ ಮೂರನೇ ಗೇರಿನಿಂದ ತಾನಾಗಿ ಕಳಚಿಕೊಳ್ಳತೊಡಗಿದ್ದು ಆ ವರ್ಷದ ಮಳೆ ಹಿಂದೆ ಸರಿದ ಮೇಲೆ. ಏರುವಾಗ ಏನೂ ತೊಂದರೆಯಿಲ್ಲ. ಇಳಿಯುವಾಗ ಟಕ್ ಎಂದು ಒಂದು ಸದ್ದು. ಲಿವರ್ ತನ್ನಷ್ಟಕ್ಕೆ ನಡುವಿಗೆ ಬಂದು ನಿಲ್ಲುವುದು, ಇಂಜಿನ್ನಿನ ಹಿಡಿತ ತಪ್ಪಿ ಗಾಡಿ ಮುಂದಕ್ಕೆ ಓಡುವುದು. ಬ್ರೇಕೂ ಹಳೆಯ ಕಾಲದ್ದು. ಬಿಣಗಾ ಘಾಟಿಯಲ್ಲಿ, ಮುಂದೊಂದು ಲಾರಿ ಹಿಂದೊಂದು ಲಾರಿ ಇರುವಾಗ ಹೀಗಾದರೆ ನನ್ನ ಗಂಡ ಮನೆಗೆ ಬರುವುದಿಲ್ಲ. ನನಗಿದ್ದದ್ದು ಈ ಒಂದೇ ಭಯ. ಅವರು ಕಾರು ತೆಗೆದುಕೊಂಡು ಹೊರಟರೆ ವಾಪಸು ಬರುವವರೆಗೆ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಅದು ಶೋರೂಮಿನಲ್ಲಿ ಕೊಂಡ ಕಾರಲ್ಲ, ಕಿಟ್ ಕಾರು. ಅಂದರೆ ಬಿಡಿ ಸಾಮಾನಾಗಿ ಬರುವುದು, ಕೊಂಡವನೇ ಮನೆಯಲ್ಲಿ ಜೋಡಿಸಿಕೊಳ್ಳುವುದು. ಕೆಳಗೆ ಕಬ್ಬಿಣದ ಕೊಳವೆಗಳ ಚೌಕಟ್ಟು, ಮೇಲೆ ಫೈಬರಿನ ಕೆಂಪು ಮೈ, ಇಬ್ಬರೇ ಕೂರುವ ಜಾಗ, ತಲೆಯ ಮೇಲೆ ಸೂರಿಲ್ಲ. ಇಂಜಿನ್ನು, ಗೇರ್ ಬಾಕ್ಸು ಮಾತ್ರ ಬೇರೊಂದು ಹಳೆಯ ಕಾರಿನವು. ಗೋವೆಯಲ್ಲಿ ಒಬ್ಬರು ತಮ್ಮ ಪ್ರಾಯದಲ್ಲಿ ತರಿಸಿ, ಅರ್ಧ ಕಟ್ಟಿ, ಬೇಸತ್ತು ಬಿಟ್ಟದ್ದನ್ನು ನನ್ನ ಗಂಡ ಟೆಂಪೋದಲ್ಲಿ ಹೇರಿಕೊಂಡು ತಂದರು. ಆಗ ಅವರು ಬಿಣಗಾದ ಕಾರ್ಖಾನೆಯಲ್ಲಿ ಫಿಟ್ಟರ್. ಪಾಳಿ ಮುಗಿಸಿ ಬಂದವರು ಹೆದ್ದಾರಿ ಪಕ್ಕದ ನಮ್ಮ ಮನೆಯ ತಗಡಿನ ಮಾಡಿನ ಕೆಳಗೆ, ಅದರ ಹೊಟ್ಟೆಯಡಿ ಮಲಗಿಬಿಡುತ್ತಿದ್ದರು. ನನಗೊಬ್ಬಳು ಸವತಿಯಿಲ್ಲ ಎಂಬ ಕೊರತೆ ಹಾಗೆ ನೀಗಿತು. ಕೆಲಸದಿಂದ ನಿವೃತ್ತರಾದ ಮೇಲೆ ಆ ಸವತಿಯೇ ನಮಗೆ ಅನ್ನ ಹಾಕಿದಳು ಎನ್ನುವುದನ್ನೂ ಹೇಳಬೇಕು. ಮದುವೆಗೆ ಮೊದಲು ಹುಡುಗ ಹುಡುಗಿ ಕಡಲ ದಂಡೆಯಲ್ಲಿ ಫೋಟೋ ತೆಗೆಸಿಕೊಳ್ಳುವ ಶೋಕಿ ಈಗ ಎಲ್ಲ ಕಡೆ ಇದೆಯಲ್ಲ, ಅವರಿಗೆ ನಮ್ಮ ಕಾರು ಬೇಕು. ಕಾರವಾರವಿರಲಿ, ಅಂಕೋಲೆಯಿರಲಿ, ಕಾರನ್ನು ಒಯ್ದು ಮುಟ್ಟಿಸುವವರು ನನ್ನ ಗಂಡ. ಬೇರೆ ಯಾರಿಗೂ ಅವರು ಸ್ಟೀರಿಂಗ್ ಕೊಡುತ್ತಿರಲಿಲ್ಲ. ಗೇರ್ ಲಿವರನ್ನಂತೂ ನಾನು ಒರೆಸಲಿಕ್ಕೂ ಮುಟ್ಟುವ ಹಾಗಿರಲಿಲ್ಲ.

ಗೇರ್ ಜಾರತೊಡಗಿದ ಮೇಲೆ ಅಂಕೋಲೆಯ ಮೆಕ್ಯಾನಿಕ್ ಒಬ್ಬನ ಬಳಿ ಹೋದೆವು. ಅವನು ನನ್ನ ಗಂಡನ ಜೊತೆ ಕಾರ್ಖಾನೆಯಲ್ಲಿ ಇದ್ದವನು, ಹಳೆಯ ಸಲಿಗೆ. ಗೇರ್ ಬಾಕ್ಸು ಇಳಿಸಿ, ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಒಂದೊಂದೇ ಚಕ್ರವನ್ನು ಬೆಳಕಿಗೆ ಹಿಡಿದು ನೋಡಿದ.

"ಹಲ್ಲೆಲ್ಲಾ ಸಮಾ ಅದ್ಯಲ್ಲೋ. ಇದು ಜಾರೂಕೆ ಎಂತಾ ಕಾರಣವೂ ಕಾಣೂದಿಲ್ಲ ನಂಗೆ."

"ಜಾರ್ತದೆ ಅಂದ್ರೆ ಜಾರ್ತದೆ. ಓಡ್ಸುದು ನಾನೋ ನೀನೋ?" ಎಂದರು ಇವರು.

ಮೆಕ್ಯಾನಿಕ್ ನಗುತ್ತಾ, "ಕುಣೀಲಾರದವ್ಳು ನೆಲ ಡೊಂಕು ಅಂದ್ಲಂತೆ" ಎಂದ.

ಸಾಮಾನ್ಯವಾಗಿ ಇಂಥ ಮಾತಿಗೆ ಇವರು ಎರಡರಷ್ಟು ತಿರುಗಿ ಕೊಡುವವರು. ಅವತ್ತು ಎದ್ದು ಹೊರಗೆ ಹೋಗಿ ರಸ್ತೆಯ ಕಡೆ ಮುಖ ಮಾಡಿ ನಿಂತರು. ನನಗೆ ಮೆಕ್ಯಾನಿಕ್ ಮೇಲೆ ಸಿಟ್ಟು ಬಂತು. ದೋಷ ಸಿಗದವನು ದೋಷವೇ ಇಲ್ಲ ಎಂದರೆ ಹೇಗೆ? ಕಾಣುವ ಸವಕಳಿಗಾದರೆ ಮದ್ದಿದೆ. ಕಾಣದ್ದು ಘಾಟಿಯಲ್ಲಿ ಕಾದು ಕೂತಿದೆ ಎಂದರೆ ಯಾರಿಗೆ ಹೆದರಿಕೆಯಾಗುವುದಿಲ್ಲ? ವಾಪಸು ಬರುವಾಗ ಬಸ್ಸಿನಲ್ಲಿ ಇವರು "ಬೇರೆದೇ ಹಾಕ್ಬೇಕು" ಎಂದು ಒಂದೇ ಮಾತು ಆಡಿದರು.

ಬದಲಿಗೆ ಸಿಕ್ಕಿದ್ದು ಎರಡು. ಒಂದು ಗೋವೆಯ ಗುಜರಿಯಲ್ಲಿ: ಐದು ಗೇರಿನದು, ಹೊಸ ಕಾಲದ್ದು, ಒಂದು ವ್ಯಾನಿನಿಂದ ಬಿಚ್ಚಿದ್ದು. ಅದನ್ನು ಕೂರಿಸಬೇಕಾದರೆ ಕಾರಿನ ಫೈಬರ್ ನೆಲವನ್ನು ಕೊಯ್ದು ಅಗಲ ಮಾಡಬೇಕು. ಆ ವ್ಯಾನಿನ ಮುಂಭಾಗ ಪೂರಾ ನಜ್ಜುಗುಜ್ಜಾಗಿತ್ತು. ಡ್ರೈವರ್ ಏನಾದ ಎಂದು ನಾನು ಕೇಳಿದೆ. ಗುಜರಿಯವನು ಗೇರ್ ಬಾಕ್ಸಿಗೆ ಒಂದು ಗೀರೂ ಬಿದ್ದಿಲ್ಲ ನೋಡಿ ಎಂದ. ಇನ್ನೊಂದು ಅಂಕೋಲೆಯಲ್ಲಿ: ನಾಲ್ಕು ಗೇರಿನದು, ನಮ್ಮದರದ್ದೇ ಜಾತಿ. ಒಬ್ಬ ಗೇರುಬೀಜದ ವ್ಯಾಪಾರಿಯ ಗೋದಾಮಿನ ಮೂಲೆಯಲ್ಲಿ, ಎಂದೋ ಓಡಾಟ ನಿಲ್ಲಿಸಿದ ಟ್ಯಾಕ್ಸಿಯೊಳಗೆ ಇತ್ತು. ಬೋಲ್ಟು ಬಿಚ್ಚಿದರೆ ಸಾಕು, ನಮ್ಮದಕ್ಕೆ ಹಾಗೇ ಕೂರುತ್ತದೆ. ಆದರೆ ಎಷ್ಟು ಕಾಲ ಸುಮ್ಮನೆ ಬಿದ್ದಿತ್ತೋ, ಒಳಗೆ ತುಕ್ಕು ಎಷ್ಟು ತಿಂದಿದೆಯೋ, ಹೊರಗಿನಿಂದ ಹೇಳುವವರಿಲ್ಲ.

ಸತ್ತವನ ಕೈ ಹಿಡಿದಿದ್ದ ಗೇರು ಬೇಕೋ, ತುಕ್ಕಿನದು ಬೇಕೋ? ನನಗೆ ಎರಡೂ ಬೇಡವಾಗಿತ್ತು. ಕಾರನ್ನೇ ಮಾರಿಬಿಡಿ ಎಂದೆ. ಇವರು ಎರಡು ದಿನ ಮಾತು ಬಿಟ್ಟರು. ಅತ್ತೆ ನಮ್ಮಿಬ್ಬರ ಮುಖ ನೋಡಿ ಸಾಕಾಗಿ, "ದೇವ್ರ ಹತ್ರ ಪ್ರಸಾದ ಕೇಳ್ವಾ" ಎಂದರು.

ನಮ್ಮ ಕಡೆ ಮನಸ್ಸು ಎರಡಾದಾಗ ಹೀಗೆ ಕೇಳುವುದುಂಟು. ಗುನಗರು, ಅಂದರೆ ದೇವಿಯ ಪೂಜೆ ಮಾಡುವವರು, ಒದ್ದೆ ಹೂವಿನ ಎಸಳುಗಳನ್ನು ಮೂರ್ತಿಯ ಎರಡೂ ಬದಿಗೆ ಅಂಟಿಸಿ, ಕೇಳುವವರ ವಿಷಯವನ್ನು ದೊಡ್ಡ ದನಿಯಲ್ಲಿ ದೇವಿಯ ಮುಂದೆ ಇಡುತ್ತಾರೆ. ಬಲಗಡೆಯ ಎಸಳು ಮೊದಲು ಬಿದ್ದರೆ ಆಗಬಹುದು, ಎಡಗಡೆಯದು ಬಿದ್ದರೆ ಬೇಡ. ಅತ್ತೆಯ ಬಾಯಲ್ಲಿ ಗೇರ್ ಬಾಕ್ಸು ಎಂಬ ಮಾತು ಹೊರಳುವುದಿಲ್ಲ. ಅವರು ಗುನಗರಿಗೆ ಹೇಳಿದ್ದು ಹೀಗೆ: "ಗೇರಿನ ಪೆಟ್ಗೆ ತಕಣೂಕೆ ಅದೆ. ಗೋವೆದು ತಕಣುದೋ, ಅಂಕೋಲೆದು ತಕಣುದೋ, ಕೇಳಿ."

ಗುನಗರು ಕಣ್ಣು ಮುಚ್ಚಿ ಶುರುಮಾಡಿದರು. "ತಾಯೀ, ಈ ಮನೆಯವ್ರು ಗೇರಿನ ಯಾಪಾರಕ್ಕೆ ಕೈ ಹಾಕೂಕೆ ಹೊರಟವ್ರೆ. ಅಂಕೋಲೆ ಗೇರು ಇವ್ರಿಗೆ ಒಳ್ಳೇದಾಗೂದಾದ್ರೆ ಬಲ ಕೊಡು..."

ನಾನು ಬೆಚ್ಚಿಬಿದ್ದು ಅತ್ತೆಯ ಸೆರಗು ಜಗ್ಗಿದೆ. ಅವರು ಕೈಮುಗಿದು ತಮ್ಮದೇ ಲೋಕದಲ್ಲಿದ್ದರು. ಬಾಯಿ ತೆರೆಯುವಷ್ಟರಲ್ಲಿ ಬಲಗಡೆಯ ಎಸಳು ಜಾರಿ ಬಿತ್ತು. ಅತ್ತೆಯ ಮುಖ ಅರಳಿತು. ಗುನಗರು ತೀರ್ಥ ಕೊಡುತ್ತಾ, "ಬೀಜ ಲಾಯ್ಕಾಗಿ ಒಣಸಿ ಮತ್ತೆ, ಹಸಿ ಇದ್ರೆ ಕಪ್ಪಾಗ್ತದೆ" ಎಂದು ಬುದ್ಧಿಯನ್ನೂ ಹೇಳಿದರು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿ ಧಾರಾಳವಾಗಿಯೇ ಕೊಟ್ಟಿದ್ದರು, ಆದರೆ ನಾವು ಕೇಳಿದ್ದನ್ನಲ್ಲ. ಮನೆಗೆ ಬಂದು ಗಂಡನಿಗೆ ಎಲ್ಲವನ್ನೂ ಹೇಳಿದೆ. ಇನ್ನೊಮ್ಮೆ ಸರಿಯಾಗಿ ಕೇಳಿಸೋಣ ಎಂದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಗೇರು ಯಾವ್ದು, ಗೇರ್ ಯಾವ್ದು ಅಂತ ದೇವಿಗೆ ಗೊತ್ತಾಗುದಿಲ್ವನೇ? ಅಂಕೋಲೆದೇ ಆಯ್ತು, ಬಿಡು."

ನನಗೆ ನಗು ಬರಲಿಲ್ಲ. ಬಿದ್ದ ಎಸಳು ನಮ್ಮ ಪ್ರಶ್ನೆಗೆ ಬಿದ್ದದ್ದಲ್ಲ ಎಂದು ಗೊತ್ತಿದ್ದೂ ಅದನ್ನು ನಂಬಿ ಘಾಟಿ ಇಳಿಯುವುದೆಂದರೆ ಏನು? ಆ ವಾರವೆಲ್ಲ ಹೆದ್ದಾರಿಯಲ್ಲಿ ಲಾರಿಯೊಂದು ಜೋರಾಗಿ ಬ್ರೇಕ್ ಹಾಕಿದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಬಾಗಿಲಿಗೆ ಓಡುತ್ತಿದ್ದೆ. ಅತ್ತೆ ಮಾತ್ರ ನೆಮ್ಮದಿಯಿಂದ ಉಂಡು ಮಲಗುತ್ತಿದ್ದರು.

ಮೆಕ್ಯಾನಿಕ್ ಅಂಕೋಲೆಯ ಗೇರ್ ಬಾಕ್ಸನ್ನು ಬಿಚ್ಚಿ ನೋಡಿದ. ಒಳಗೆ ತುಕ್ಕು ಇರಲಿಲ್ಲ, ಎಣ್ಣೆ ಗಟ್ಟಿಯಾಗಿತ್ತು ಅಷ್ಟೆ. ತೊಳೆದು, ಹೊಸ ಸೀಲು ಹಾಕಿ ಕೂರಿಸಿದ. ಗ್ಯಾರೇಜಿನ ಸುತ್ತ ತಾನೇ ಎರಡು ಸುತ್ತು ಓಡಿಸಿ, "ಬೆಣ್ಣೆ ಹಂಗೆ ಬೀಳ್ತದೆ" ಎಂದ. ಮರುದಿನ ಕಾರವಾರದ ದಂಡೆಯಲ್ಲಿ ಫೋಟೋದವರು ಕಾಯುತ್ತಿದ್ದರು. ಇವರು ಹೊರಟಾಗ ನಾನೂ ಹತ್ತಿ ಕೂತೆ. ಇಳಿ ಎಂದರು. ಇಳಿಯಲಿಲ್ಲ. ಹೋಗುವುದಾದರೆ ಒಟ್ಟಿಗೇ ಹೋಗುವಾ ಎಂದು ನನ್ನೊಳಗೆ ನಿಶ್ಚಯ ಮಾಡಿಕೊಂಡಿದ್ದೆ.

ಫೋಟೋದವರು ಘಾಟಿಯ ನೆತ್ತಿಯಲ್ಲಿ ಕಾರನ್ನು ನಿಲ್ಲಿಸಿ ಕಡಲು ಕಾಣುವ ಹಾಗೆ ಒಂದು ಫೋಟೋ ಕಳಿಸಿ ಎಂದಿದ್ದರಿಂದ ಹೆದ್ದಾರಿಯ ಹೊಸ ಸುರಂಗ ಬಿಟ್ಟು ಹಳೆಯ ರಸ್ತೆಗೆ ತಿರುಗಿದೆವು. ಏರಿನಲ್ಲಿ ಕಾರು ಚೆನ್ನಾಗಿ ಹೋಯಿತು. ಫೋಟೋ ತೆಗೆದಾಯಿತು. ಇಳಿಜಾರು ಶುರುವಾಯಿತು. ಕೆಳಗೆ ಬಂದರಿನ ಹಡಗು, ಮೋಡ ಕವಿದ ಕಪ್ಪು ನೀರು. ಇವರು ಮೂರನೇ ಗೇರ್ ಹಾಕಿದರು. ಮೊದಲ ತಿರುವು ದಾಟಿತು. ಎರಡನೆಯದರಲ್ಲಿ ಟಕ್ ಎಂದಿತು.

ಲಿವರ್ ನಡುವಿಗೆ ಬಂದು ನಿಂತಿತ್ತು. ಬೇರೆ ಪೆಟ್ಟಿಗೆ, ಬೇರೆ ಚಕ್ರಗಳು, ಸದ್ದು ಮಾತ್ರ ಅದೇ. ಕಾರು ಓಟ ಕಿತ್ತಿತು. ಇವರು ಬ್ರೇಕ್ ಒತ್ತುತ್ತಾ ಲಿವರನ್ನು ಮುಂದಕ್ಕೆ ತಳ್ಳಿದರು. ಕಳಚಿತು. ಮತ್ತೆ ತಳ್ಳಿದರು. ಮತ್ತೆ ಕಳಚಿತು. ಬ್ರೇಕಿನ ಸುಟ್ಟ ವಾಸನೆ ಮೂಗಿಗೆ ಬಂತು. ನಾನು "ಕ್ಲಚ್ ಒತ್ತಿ" ಎಂದು ಕೂಗಿ, ಲಿವರಿನ ಮೇಲಿದ್ದ ಅವರ ಎಡಗೈಯ ಮೇಲೆ ನನ್ನ ಕೈ ಇಟ್ಟು ಇದ್ದ ಶಕ್ತಿಯೆಲ್ಲ ಹಾಕಿ ನೂಕಿದೆ. ಲಿವರ್ ಇನ್ನೂ ಅರ್ಧ ಬೆರಳಿನಷ್ಟು ಮುಂದೆ ಹೋಗಿ ಕೂತಿತು. ಇಂಜಿನ್ನು ಗುರುಗುಟ್ಟಿ ಕಾರನ್ನು ಹಿಡಿದುಕೊಂಡಿತು. ಆಮೇಲೆ ಕಳಚಲಿಲ್ಲ.

ಆಗ ನನ್ನ ಅಂಗೈಗೆ ತಿಳಿಯಿತು. ಕೆಳಗಿದ್ದ ಆ ಕೈಯಲ್ಲಿ ಬಲವೇ ಇರಲಿಲ್ಲ. ಬೆರಳುಗಳು ಲಿವರನ್ನು ಸುತ್ತಿಕೊಂಡಿದ್ದವು ಅಷ್ಟೆ, ಹಿಡಿದಿರಲಿಲ್ಲ. ಇಷ್ಟು ದಿನವೂ ಅವರು ಗೇರನ್ನು ಪೂರ್ತಿ ಒಳಗೆ ತಳ್ಳಿರಲೇ ಇಲ್ಲ, ತಳ್ಳಲು ಆಗಿರಲಿಲ್ಲ. ನೆಲ ಡೊಂಕು ಎಂದು ಮೆಕ್ಯಾನಿಕ್ ಹೇಳಿದಾಗ ಅವರು ಏಕೆ ಎದ್ದು ಹೋದರು ಎಂಬುದು ನನಗೆ ಆ ತಿರುವಿನಲ್ಲಿ ಅರ್ಥವಾಯಿತು.

"ಯಾವಾಗಿಂದ?" ಎಂದು ಕೇಳಿದೆ.

"ಮಳೆಗಾಲದಿಂದ" ಎಂದರು. ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಹೋಗ್ತದೆ, ಸಮಾ ಆಗ್ತದೆ ಅಂದ್ಕಂಡಿದ್ದೆ."

ನನಗೆ ಬೈಯಬೇಕು ಎನಿಸಿತು, ಅಳು ಬಂತು. ಅಲ್ಲಿಯವರೆಗೆ ನನಗಿದ್ದ ಹೆದರಿಕೆ ಒಂದು ಕಬ್ಬಿಣದ ಪೆಟ್ಟಿಗೆಯದು; ಅದನ್ನು ಗೋವೆಯಿಂದಲೋ ಅಂಕೋಲೆಯಿಂದಲೋ ತಂದು ಬದಲಿಸಬಹುದಿತ್ತು. ಈ ಕೈಯನ್ನು ಎಲ್ಲಿಂದ ತರಲಿ?

ಇಳಿಜಾರು ಮುಗಿದು ಸಮ ರಸ್ತೆ ಬಂತು. ದಂಡೆಗೆ ಹೋಗುವ ದಾರಿಗೆ ಅವರು ತಿರುಗಿಸಲಿಲ್ಲ. ಅವರು ಕ್ಲಚ್ ಒತ್ತಿದರು, ಎಡಗೈಯನ್ನು ಲಿವರಿನಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. "ನಾಲ್ಕಕ್ಕೆ ಹಾಕು" ಎಂದರು. ಅವತ್ತು ಕಾರವಾರದ ಆಸ್ಪತ್ರೆಯ ಬಾಗಿಲವರೆಗೂ ಅವರು ಕ್ಲಚ್ ಒತ್ತಿದಾಗಲೆಲ್ಲ ಗೇರ್ ಹಾಕಿದವಳು ನಾನೇ.